ನಮ್ಮ ಟ್ರಾನ್ಸಿಸ್ಟರಿಗೆ ಕನ್ನಡ ಬರುತ್ತಿರಲಿಲ್ಲ

ಡಫಳಾಪುರದ ನಮ್ಮ ಮನೆಯ ಪಡುವಣ ಗೋಡೆಯಲ್ಲಿ, ದೇವರ ಗೂಡಿನ ಪಕ್ಕಕ್ಕೆ, ಇನ್ನೊಂದು ಗೂಡಿತ್ತು. ಎಣ್ಣೆಯ ಗಿಂಡಿ, ಬತ್ತಿಯ ಹತ್ತಿ, ಹಳೆಯ ಪಂಚಾಂಗ ಎಲ್ಲ ಅಲ್ಲಿಯೇ. ಎಪ್ಪತ್ತರ ದಶಕ ಆಗಷ್ಟೇ ಕಾಲಿಟ್ಟಿದ್ದ ಒಂದು ದೀಪಾವಳಿಗೆ ಅವನ್ನೆಲ್ಲ ತೆಗೆದು, ಕರಿಯ ಕಂಬಳಿಯ ತುಂಡೊಂದನ್ನು ಹಾಸಿ, ನಾನು ಜತ್ತದಿಂದ ತಂದ ಟ್ರಾನ್ಸಿಸ್ಟರನ್ನು ಅವ್ವ ತನ್ನ ಕೈಯಾರೆ ಮೂಡಣಕ್ಕೆ ಮುಖ ಮಾಡಿ ಕೂರಿಸಿದಳು. "ದೀಪ ಆಗ್ಲಿ, ಹಾಡೂ ಪೆಟಗಿ ಆಗ್ಲಿ, ಮೂಡಲಕ್ಕ ನೋಡಬೇಕು. ದಕ್ಷಿಣ ಅಂದ್ರ ಯಮನ ದಿಕ್ಕು. ಯಾರೂ ಅತ್ತಿತ್ತ ಸರಿಸಬ್ಯಾಡ್ರಿ" ಎಂದು ಅಪ್ಪಣೆಯೂ ಆಯಿತು. ಸಾಲೆಯಲ್ಲಿ ನಲವತ್ತು ಹುಡುಗರನ್ನು ಗದರಿಸುವ ಮಾಸ್ತರನಾದ ನಾನು ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವವನು. ಅದರ ಕಿವಿ ಹಿಂಡುವ ಅಧಿಕಾರವೊಂದು ನನಗೆ ಉಳಿಯಿತು.

ಹಿಂಡಿದೆ. ಸಾಂಗಲಿಯ ಮರಾಠಿ ಗಂಟೆ ಬಾರಿಸಿದಂತೆ ಬಂತು. ಧಾರವಾಡದ ಕನ್ನಡಕ್ಕೆ ಮುಳ್ಳು ತಂದರೆ ಬರೀ ಸುಯ್ಯೆಂಬ ಸದ್ದು, ನಡುನಡುವೆ ಯಾರೋ ಕಂಬಳಿ ಹೊದ್ದು ಮಾತಾಡಿದಂತೆ ಗೊಣಗು. ಎರಡೂ ಭಾಷೆಯನ್ನು ಒಂದೇ ನಾಲಿಗೆಯಲ್ಲಿಟ್ಟುಕೊಂಡು ಸಂತೆ ಮಾಡುವ ಗಡಿಸೀಮೆ ನಮ್ಮದು. ನಮ್ಮ ಎಮ್ಮೆಗಳೂ ಎರಡರಲ್ಲೂ ಬೈಸಿಕೊಂಡು ಬಲ್ಲವು. ಹೀಗಿರುವಾಗ ದುಡ್ಡು ಕೊಟ್ಟು ತಂದ ಪೆಟ್ಟಿಗೆಗೆ ಒಂದೇ ಭಾಷೆ ಬರುತ್ತದೆಯೆಂದರೆ ನನ್ನಂಥ ಮುಂಗೋಪಿಗೆ ಹೇಗಾಗಿರಬೇಡ, ನೀವೇ ಹೇಳಿ.

ಮಾರಿದವನು ಜತ್ತದ ಪೇಟೆಯ ಸಿದ್ರಾಮಪ್ಪ. ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅವನು ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲಿಟ್ಟು ಕಿವಿ ತಿರುವಿದನೋ ಇಲ್ಲವೋ, ಧಾರವಾಡದ ಕನ್ನಡ ಬೀದಿಯವರೆಗೂ ಸುರಿಯಿತು! ಮನೆಗೆ ತಂದೆ, ಮತ್ತೆ ಮೂಕ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ನಮ್ಮ ಹಿರಿಯರು ಈ ಪೆಟ್ಟಿಗೆಯನ್ನು ಕಂಡೇ ಕಟ್ಟಿರಬೇಕು ಅನ್ನಿಸಿತು. ಮುಂಬಯಿಯ ಕಂಪನಿಗೆ ಪತ್ರ ಬರೆದೆ: ಮರಾಠಿ ಬರುತ್ತದೆ, ಕನ್ನಡ ಬರುವುದಿಲ್ಲ. ತಿಂಗಳಾದ ಮೇಲೆ ಉತ್ತರ ಬಂತು: ತಮ್ಮ ಯಂತ್ರಕ್ಕೆ ಯಾವ ಭಾಷೆಯ ಮೇಲೂ ದ್ವೇಷವಿಲ್ಲ, ದೋಷವಿದ್ದರೆ ಮಾರಿದ ಅಂಗಡಿಯವರು ಗ್ಯಾರಂಟಿ ಕಾರ್ಡಿನಲ್ಲಿ ಬರೆದು ಸಹಿ ಮಾಡಬೇಕು. ಆದರೆ ಅಂಗಡಿಯವನ ಕಣ್ಣೆದುರು ದೋಷ ಕಾಣಿಸಿಕೊಂಡರೆ ತಾನೆ!

ಇಷ್ಟಕ್ಕೇ ಮುಗಿದಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಒಂದು ಶನಿವಾರ ಚಿಗವ್ವನ ಕಾರ್ಡು ಬಂತು. ಚಿಗವ್ವನೆಂದರೆ ಅವ್ವನ ಬೆನ್ನಿಗೆ ಬಿದ್ದ ತಂಗಿ, ಧಾರವಾಡದ ಕಡೆ ಕೊಟ್ಟವಳು. ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷ. ನನ್ನ ತಂಗಿಯ ಮದುವೆಯಲ್ಲಿ, ಹೆಣ್ಣೊಪ್ಪಿಸುವಾಗ ತಮ್ಮ ತಾಯಿ ಕಲಿಸಿದ್ದ ಹಾಡನ್ನು ಹಾಡೆಂದು ಅವ್ವ ಕೇಳಿದ್ದಳು. ಗಂಟಲು ಕಟ್ಟಿದೆ ಎಂದಳಂತೆ ಚಿಗವ್ವ. ಎಂಟು ದಿನಕ್ಕೆ ಗಂಡನ ಮನೆಯವರ ಮದುವೆಯಲ್ಲಿ ಅದೇ ಹಾಡನ್ನು ಹಾಡಿದಳೆಂಬ ಸುದ್ದಿ ಬಂತು. ಅಷ್ಟೇ, ಅಂದಿನಿಂದ ಅವ್ವನ ಬಾಯಲ್ಲಿ ತಂಗಿಯ ಹೆಸರಿಲ್ಲ. ಈಗ ಕಾರ್ಡು ನನ್ನ ಹೆಸರಿಗೆ ಬಂದಿತ್ತು: "ಬರೂ ಗುರುವಾರ ಸಂಜಿಕ ರೇಡಿಯೋದಾಗ ಹೆಣ್ಣಮಕ್ಕಳ ಕಾರ್ಯಕ್ರಮಕ್ಕ ನಾ ಅವ್ವನ ಹಾಡ ಹಾಡತೀನಿ. ಅಕ್ಕಗ ಕೇಳಂತ ಹೇಳಪಾ."

ಓದಿ ಹೇಳಿದೆ. "ನನ್ನ ಮಗಳ ಮದುವಿ ಅಕ್ಕಿಕಾಳಿಗೆ ಬರಲಾರದ ಗಂಟಲ ಈಗ ರೇಡಿಯೋಕ್ಕ ಬಂತೇನು?" ಎಂದು ಅವ್ವ ಒಲೆಯತ್ತ ತಿರುಗಿದಳು. ಆದರೆ ರವಿವಾರ ಒಮ್ಮೆ, ಸೋಮವಾರ ಎರಡು ಸಲ, "ಅದು ರಿಪೇರಿ ಆಗೂದೈತೋ ಇಲ್ಲೋ?" ಎಂದು ಯಾರನ್ನೋ ಕೇಳುವಂತೆ ಕೇಳಿದಳು. ಈ ಹಾಡು ತಪ್ಪಿದರೆ ಇವರಿಬ್ಬರ ನಡುವೆ ಇನ್ನೊಂದು ನೆಪ ಹುಟ್ಟುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ರಜೆ ಹಾಕಿ ಜತ್ತಕ್ಕೆ ಹೋದೆ. ಕಟ್ಟೆಯ ಮೇಲಿಟ್ಟ ಕೂಡಲೇ ಧಾರವಾಡ ಖಣಖಣ. ಸಿದ್ರಾಮಪ್ಪ ಕೈಮುಗಿದ. "ಮಾಸ್ತರ, ಜಡ್ಡ ಇಲ್ಲದವರಿಗೆ ಯಾವ ಔಷಧ ಕೊಡ್ಲಿ, ಹೇಳ್ರಿ? ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ!" ನೆತ್ತಿಗೇರಿತು ಸಿಟ್ಟು. ಕಟ್ಟೆಯನ್ನು ಗುದ್ದಿ, ನೀನು ಮೋಸಗಾರ, ನಿನ್ನ ಕಂಪನಿ ಮೋಸದ್ದು ಎಂದು ನಾಲ್ಕು ಮಂದಿ ಕೂಡುವಂತೆ ಕೂಗಾಡಿದೆ. ಅವನು ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರ ಅವ್ವಾರನ್ನ ಇಲ್ಲೇ ಕರಕೊಂಡ ಬರ್ರಿ, ಕುಂತ ಕೇಳ್ಲಿ" ಎಂದ. ಮುನಿದ ತಂಗಿಯ ಹಾಡನ್ನು ಪೇಟೆಯಲ್ಲಿ ಕೂತು ಕೇಳುವ ಹೆಂಗಸಲ್ಲ ನಮ್ಮವ್ವ. ಪೆಟ್ಟಿಗೆ ಎತ್ತಿಕೊಂಡೆ. ಬಸ್ಸು ಒಂದು ತಾಸು ತಡವಾಗಿ ಬಂತು.

ಮನೆ ಮುಟ್ಟಿದಾಗ ಹೊತ್ತು ಮುಳುಗುವ ಸಮಯ. ಅವ್ವ ಮೊರದ ತುಂಬ ಜೋಳ ಸುರುವಿಕೊಂಡು, ಸ್ವಚ್ಛವಾಗಿದ್ದ ಕಾಳನ್ನೇ ಮತ್ತೆ ಹಸನು ಮಾಡುತ್ತ ಗೂಡಿನ ಕೆಳಗೆ ಕೂತಿದ್ದಳು. ಟ್ರಾನ್ಸಿಸ್ಟರನ್ನು ಅದರ ಜಾಗದಲ್ಲಿಟ್ಟೆ. ಸುಯ್ ಎಂಬ ಸದ್ದು. ಮುಳ್ಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸಿದೆ. ಸದ್ದಿನ ತಳದಲ್ಲೆಲ್ಲೋ ಒಂದು ಹೆಣ್ಣುದನಿ ಎದ್ದು ಮುಳುಗಿತು. "ಸುರೂ ಆತೇನು?" ಎಂದಳು ಅವ್ವ. ಸುಳ್ಳೇಕೆ, ಪೆಟ್ಟಿಗೆಯನ್ನು ಅಂಗಳದ ಕಲ್ಲಿಗೆ ಬಡಿದು ಪುಡಿ ಮಾಡಬೇಕೆಂದೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಗಿಲತ್ತ ತಿರುಗಿದೆ.

ಚಿಗವ್ವನ ದನಿ ಮನೆಯ ತುಂಬ ಎದ್ದು ನಿಂತಿತು.

ಬೆಚ್ಚಿ ಒಂದು ಹೆಜ್ಜೆ ಸರಿದೆ, ದನಿ ಹೋಯಿತು. "ಅಲ್ಲಾಡಬ್ಯಾಡೋ! ಹೆಂಗಿದ್ದಿ ಹಂಗ ನಿಂದರು!" ಎಂದು ಅವ್ವ ಚೀರಿದಳು. ನಿಂತೆ. ಪೆಟ್ಟಿಗೆಯ ಮುಖ ಯಮನ ದಿಕ್ಕಿಗಿತ್ತು. ರಟ್ಟೆ ಸೋತು ಬೆವರು ಕಣ್ಣಿಗಿಳಿದರೂ, ಒರೆಸಿಕೊಂಡರೆ ಹಾಡು ಹೋದೀತೆಂಬ ಹೆದರಿಕೆಯಲ್ಲಿ ಬಾಗಿಲ ಕಡೆ ನೋಡುತ್ತ ನಿಂತಿದ್ದ ನನಗೆ ಬೆನ್ನ ಹಿಂದೆ ಅವ್ವ ಸಣ್ಣದಾಗಿ ಸೊಲ್ಲು ಸೇರಿಸುತ್ತಿದ್ದುದು ಕೇಳಿಸಿತು. ಹಾಡು ಮುಗಿದ ಮೇಲೆ ತಿರುಗಿ ನೋಡಿದರೆ ಮೊರ ನೆಲದ ಮೇಲಿತ್ತು, ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನಗೂ ಅಳು ಬಂತು, ಮುಚ್ಚಿಡುವುದೇನಿದೆ.

ರವಿವಾರ ಸಿದ್ರಾಮಪ್ಪನೇ ಬಂದ. ನನ್ನ ಬೈಗುಳ ಅವನ ನಿದ್ದೆ ಕೆಡಿಸಿತ್ತಂತೆ. ಗೂಡು ನೋಡಿ ಹಣೆ ಬಡಿದುಕೊಂಡ. "ಒಳಗೊಂದ ಕರೀ ಕೋಲ ಎಡದಿಂದ ಬಲಕ್ಕ ಅಡ್ಡ ಮಲಗಿರತೈತ್ರಿ. ಅದರ ಪಕ್ಕಕ್ಕ ದನಿ ಬಿದ್ರ ಕೇಳತೈತಿ, ತುದಿಗೆ ಬಿದ್ರ ಕೇಳೂದಿಲ್ಲ. ಸಾಂಗಲಿ ನಿಮಗ ಪಡುವಲಕ್ಕ, ಧಾರವಾಡ ದಕ್ಷಿಣಕ್ಕ. ನೀವ ನೋಡಿದ್ರ ಮೂಡಲಕ್ಕ ಮುಖ ಮಾಡಿ, ಧಾರವಾಡಕ್ಕ ಕೋಲಿನ ತುದಿ ತೋರಿಸಿ ಇಟ್ಟೀರಿ!" ಅಂಗಡಿಯ ಕಟ್ಟೆಯ ಮುಖ ಬಡಗಣಕ್ಕಿತ್ತು, ಅಲ್ಲಿ ಹಾಡುತ್ತಿದ್ದುದರ ಗುಟ್ಟು ಅಷ್ಟೇ. ನಾಲ್ಕು ತಿಂಗಳು ನಾನು ಹುಡುಕಿದ ದೋಷ ಪೆಟ್ಟಿಗೆಯಲ್ಲಿರಲಿಲ್ಲ, ಅದನ್ನು ಇಟ್ಟು ಹಟ ಹಿಡಿದ ನಮ್ಮಲ್ಲಿತ್ತು. ಮೋಸಗಾರನೆಂದು ಕೂಗಿದ ಬಾಯಿಂದಲೇ ಅವನಿಗೆ ತಪ್ಪಾಯಿತೆಂದೆ. ಅಷ್ಟು ಸಣ್ಣ ಮಾತು ಹೊರಬರಲು ಎಷ್ಟು ತಿಣುಕಬೇಕೆಂಬುದು ನನ್ನಂಥವರಿಗೇ ಗೊತ್ತು.

ನಮ್ಮ ಮಾತು ಮುಗಿಯುವಷ್ಟರಲ್ಲಿ ಅವ್ವ ಟ್ರಾನ್ಸಿಸ್ಟರನ್ನು ಬಾಗಿಲ ಬದಿಯ ಕಟ್ಟೆಗೆ ತಂದು, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದಳು. ಸಿದ್ರಾಮಪ್ಪ ಸಂಕೋಚದಿಂದ, "ಉತ್ತರಕ್ಕ ನೋಡಿದ್ರೂ ನಡೀತೈತ್ರಿ ಅವ್ವಾರ, ಯಮನ ದಿಕ್ಕ ಯಾಕ?" ಎಂದ.

"ಮಾತಾಡಾಕಿಗೆ ಬೆನ್ನ ತೋರಿಸಿ ಕುಂದ್ರತಾರೇನು?" ಎಂದಳು ಅವ್ವ.

ಅವನು ಚಹಾ ಕುಡಿದು ಹೋದ ಮೇಲೆ ಕಾರ್ಡು, ಪೆನ್ನು ತರಲು ಹೇಳಿದಳು. ಒಂಬತ್ತು ವರ್ಷದ ಮೇಲೆ ಏನು ಹೇಳಿ ಬರೆಸುವಳೋ ಎಂದು ನಾನು ಪೆನ್ನು ಹಿಡಿದು ಕೂತೆ. ಅವ್ವ ಹೇಳಿದಳು:

"ಬರಿ. ಹಾಡ ನಡುವಿನಿಂದ ಕೇಳೇನಿ. ಮೊದಲಿಂದು ಕೇಳೂದು ತಪ್ಪೈತಿ. ಬಂದು ಹಾಡು."