ಪೊರಕೆ ವ್ಯಾನಿನ ಅತ್ತಿಗೆ

ನಮ್ಮ ಅತ್ತಿಗೆ ಓಡಿಸುವ ವ್ಯಾನಿನ ಹಿಂದೆ ಒಂದು ಪೊರಕೆ ಕಟ್ಟಿರುತ್ತಾರೆ. ನಗಬೇಡಿ. ಬೆಟ್ಟಗುಡ್ಡ ಹತ್ತಿಳಿದು ಮೂರು ವಾರ ನಡೆಯುವ ಸೈಕಲ್ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬರುವ ಗಾಡಿ ಅದು. ಇನ್ನು ಕೈಲಾಗದು ಎಂದು ಕೂತವರನ್ನು ಗುಡಿಸಿಕೊಂಡು ಬರುವುದೇ ಅದರ ಕೆಲಸ. ಸವಾರರೆಲ್ಲ ಅತ್ತಿಗೆಯನ್ನು ಪೊರಕೆ ಅಕ್ಕ ಅಂತಲೇ ಕರೆಯುವುದು. ಪಕ್ಕದ ಸೀಟಿನಲ್ಲಿ ಕಂಬಳಿ, ಸೂಪಿನ ಫ್ಲಾಸ್ಕು ಹಿಡಿದು ಕೂರುವವಳು ನಾನು.

ಅತ್ತಿಗೆಗೆ ಬಾಯಿ ಜಾಸ್ತಿ. ಗ್ಯಾಸ್ ಸಿಲಿಂಡರ್ ತಂದವನನ್ನೂ ಮಾತಾಡಿಸದೆ ಬಿಡುವವಳಲ್ಲ. ಆದರೆ ಸ್ಟಿಯರಿಂಗ್ ಹಿಡಿದರೆ ಬೇರೆಯೇ ಹೆಂಗಸು. ಹಾರ್ನ್ ಹೊಡೆಯುವುದಿಲ್ಲ, ಕೊನೆಯ ಸವಾರನ ಬೆನ್ನಿಗೆ ಅಂಟಿಕೊಂಡು ಹೋಗುವುದಿಲ್ಲ, ತಿರುವಿನ ಮರೆಯಲ್ಲೇ ನಿಧಾನ ಬರುತ್ತಾಳೆ. "ಮೆತ್ತನೆ ಸೀಟು ಕಣ್ಣಿಗೆ ಬಿದ್ರೆ ಕಾಲು ಸುಮ್ನಿರುತ್ತೇನೇ? ಅಲ್ಲೇ ಮುಷ್ಕರ ಹೂಡುತ್ತೆ," ಅನ್ನುತ್ತಾಳೆ.

ಆ ರೇಸಿನಲ್ಲಿ ನಮ್ಮಣ್ಣನೂ ಇದ್ದ, ಅಂದರೆ ಅವಳ ಗಂಡ. ಗೆಲ್ಲುವ ಪೈಕಿಯವನಲ್ಲ ಬಿಡಿ. ತಂಡದ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವವನು, ಗಾಳಿಗೆ ಎದೆಯೊಡ್ಡಿ ಅವನನ್ನು ಬೆನ್ನ ಹಿಂದೆ ಕರೆದೊಯ್ಯುವವನು. ಎಷ್ಟೋ ವರ್ಷದಿಂದ ಹೊರಡುತ್ತಿದ್ದ, ಒಮ್ಮೆಯೂ ಕೊನೆಯ ಊರು ಮುಟ್ಟಿರಲಿಲ್ಲ. ಒಮ್ಮೆ ಜ್ವರ, ಒಮ್ಮೆ ಮೊಣಕೈ ಮುರಿತ, ಇನ್ನೊಮ್ಮೆ ನಾಯಿ ಅಡ್ಡ ಬಂತು. ಪ್ರತಿ ಸಲವೂ ಆಂಬುಲೆನ್ಸೇ ಗತಿ. ಹೆಂಡತಿಯ ವ್ಯಾನು ಹತ್ತಿದವನಲ್ಲ. ಈ ಸಲವೇ ಕೊನೆ ಎಂದು ತಂಡದವರು ಹೇಳಿಬಿಟ್ಟಿದ್ದರು.

"ಒಂದೇ ಒಂದ್ಸಲ ಮುಗಿಸಿಬಿಡ್ತೀನಿ ಕಣೇ, ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ," ಅಂದಿದ್ದ.

"ಇದನ್ನ ಮದುವೆ ದಿನಾನೂ ಹೇಳಿದ್ರಿ," ಅಂದಿದ್ದಳು ಅತ್ತಿಗೆ.

ಅವತ್ತು ಕೊನೆಯ ದೊಡ್ಡ ಬೆಟ್ಟ. ಅದೊಂದು ದಾಟಿದರೆ ಮುಂದೆಲ್ಲ ಬರೀ ಬಯಲು. ಆದರೆ ಗಡುವಿನೊಳಗೆ ಆ ದಿನದ ಕೊನೆಯ ಗೆರೆ ಮುಟ್ಟದವರನ್ನು ಮನೆಗೆ ಕಳಿಸಿಬಿಡುತ್ತಾರೆ. ಅಣ್ಣ ಬೆಟ್ಟದ ಬುಡದವರೆಗೂ ನಾಯಕನನ್ನು ಎಳೆದು ತಂದು, ಸುಸ್ತಾಗಿ, ಒಬ್ಬೊಬ್ಬರಿಗೇ ದಾರಿ ಬಿಡುತ್ತ ಕೊನೆಗೆ ನಮ್ಮ ಮುಂದೆಯೇ ಬಂದು ಉಳಿದ. ನಮ್ಮ ವ್ಯಾನಿನಲ್ಲಿ ಆಗಲೇ ರೇಸು ಬಿಟ್ಟ ಮೂವರು ಸೂಪು ಹೀರುತ್ತಿದ್ದರು, ಮೂವರೂ ಬೇರೆ ಬೇರೆ ತಂಡದವರು. ಅತ್ತಿಗೆ ಗೇರು ಇಳಿಸಿ ವ್ಯಾನನ್ನು ಇನ್ನಷ್ಟು ಹಿಂದೆ ಬಿಟ್ಟಳು.

ತುದಿಗೆ ಇನ್ನೆರಡು ತಿರುವು ಇರುವಾಗ ಅಣ್ಣ ಇಳಿದ. ಸೈಕಲ್ಲನ್ನು ತಡೆಗೋಡೆಗೆ ಒರಗಿಸಿ ಕಾಲೆಳೆಯುತ್ತ ನಮ್ಮ ಕಡೆಗೇ ಬಂದ.

"ಬಾಗಿಲು ತೆಗಿಯೇ. ಆಗಲ್ಲ," ಅಂದವನೇ ಬೆನ್ನು ತಿರುಗಿಸಿ ನಿಂತ.

ರೇಸು ಬಿಡುವವರು ಹಾಗೇ ನಿಲ್ಲುತ್ತಾರೆ. ಅಂಗಿಯ ಬೆನ್ನಿಗೆ ಪಿನ್ನು ಚುಚ್ಚಿದ ನಂಬರನ್ನು ವ್ಯಾನಿನವಳು ಕಿತ್ತುಕೊಂಡರೆ ಮುಗಿಯಿತು, ಅಂಗಡಿ ಮುಚ್ಚಿದ ಹಾಗೆ. ಒಳಗಿದ್ದ ಮೂವರ ನಂಬರನ್ನೂ ಅತ್ತಿಗೆಯೇ ಕಿತ್ತಿದ್ದಳು. ಈಗಲೂ ಕಿಟಕಿಯಿಂದ ಕೈ ಚಾಚಿದಳು. ಪಿನ್ನು ಮುಟ್ಟಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

"ಜಾಗ ಇಲ್ಲ ರೀ," ಅಂದಳು.

ಅಯ್ಯೋ, ಒಂಬತ್ತು ಸೀಟಿನ ವ್ಯಾನು! ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ದಡಬಡ ಸದ್ದು. ತಿರುಗಿ ನೋಡಿದರೆ ಮೂವರೂ ಸೀಟುಗಳ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿಬಿಟ್ಟಿದ್ದಾರೆ! ಒಬ್ಬನಂತೂ ಹೆಲ್ಮೆಟ್ಟಿಗೊಂದು, ಬೂಟಿಗೊಂದು ಸೀಟು ಹಂಚಿದ್ದ. "ಉಸಿರಾಡೋಕೂ ಜಾಗ ಇಲ್ಲಣ್ಣಾ," ಎಂದು ನರಳಿದ ಕಳ್ಳ.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಕಟ್ಕೊಂಡ ಗಂಡನಿಗೇ ಜಾಗ ಇಲ್ವೇನೇ? ನಿಮ್ಮಪ್ಪನ ಮನೆ ಗಾಡಿನಾ ಇದು?" ಎಂದು ಶುರು ಹಚ್ಚಿಕೊಂಡವನು ಅತ್ತಿಗೆಯ ತವರಿನವರನ್ನು ಒಬ್ಬರನ್ನೂ ಬಿಡಲಿಲ್ಲ. ಬೈಯುತ್ತಲೇ ಸೈಕಲ್ ಹತ್ತಿದ, ಬೈಯುತ್ತಲೇ ತುಳಿದ. ಸಿಟ್ಟು ಇಳಿಯುವಷ್ಟರಲ್ಲಿ ಇಳಿಜಾರು ಬಂದಿತ್ತು.

ಗಡುವು ಮುಗಿಯಲು ಇನ್ನೇನು ಅನ್ನುವಾಗ ಗೆರೆ ದಾಟಿದ. ನಮ್ಮ ವ್ಯಾನಿನ ಮೂವರೂ ಸೀಟು ಬಡಿದು ಕೇಕೆ ಹಾಕಿದರು. ನನಗಂತೂ ಖುಷಿಗೆ ಅಳುವೇ ಬಂತು.

ವ್ಯಾನು ನಿಲ್ಲುತ್ತಲೇ ಅಣ್ಣ ಕಿಟಕಿಗೆ ಬಂದ. ಮುಖದ ತುಂಬ ನಗು. "ಗೊತ್ತಾಯ್ತು ಬಿಡು. ನಾನು ಮುಗಿಸಲಿ ಅಂತ ತಾನೇ ಹಾಗ್ಮಾಡಿದ್ದು?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. "ನೀವು ಮುಗಿಸಿದ್ರೇನು, ಬಿಟ್ರೇನು, ನನಗೆ ಅದೆಲ್ಲ ತಲೇಲೇ ಇರ್ಲಿಲ್ಲ. ನಿಮ್ಮ ಬೆನ್ನಿಂದ ಆ ನಂಬರ್ ಕೀಳೋಕೆ ನನ್ನ ಕೈಲಿ ಆಗಲಿಲ್ಲ ರೀ," ಅಂದವಳೇ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟಳು. ಅಣ್ಣ ಬೆವರುಗೈಯಲ್ಲೇ ಅವಳ ತಲೆ ಸವರುತ್ತ ನಿಂತ.