ಬೆಟ್ಟ ಹತ್ತದೆ ನಡೆದ ನಲವತ್ತಾರು ಕಿಲೋಮೀಟರ್

ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಹಾಲು ಕಾಯಿಸಿದೆ. ಎರಡು ದಿನಕ್ಕಾಗುವಷ್ಟು ಹುಣಸೆ ಗೊಜ್ಜು ಕುದಿಸಿ ಡಬ್ಬಿಗೆ ತುಂಬಿದೆ. ನಮ್ಮವರಿಗೆ ಸ್ನಾನ ಮಾಡಿಸಿ, ಬೆಳಗಿನ ಮಾತ್ರೆ ಒಂದು ಲೋಟಕ್ಕೆ, ರಾತ್ರಿಯದು ಇನ್ನೊಂದಕ್ಕೆ ಹಾಕಿಟ್ಟೆ. ಒಗೆದ ಬಟ್ಟೆ ಹರವಿದೆ. ನಾದಿನಿ ಗೌರಿಗೆ ಮೋಟಾರು ಹಾಕುವ ಸ್ವಿಚ್ಚು ತೋರಿಸಿದೆ. ಕಡೆಗೆ ಸೀರೆಯ ಮೇಲೆ ಒಂದು ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿಕೊಂಡೆ. ಉಳಿದ ಕೆಲಸಕ್ಕೆಲ್ಲ ಬೇಸರವಿರಲಿಲ್ಲ, ಈ ಕೊನೆಯದಕ್ಕೆ ಮಾತ್ರ ಮೈ ಉರಿಯಿತು.

ಟೀಶರ್ಟಿನ ಕಥೆ ಹೇಳಬೇಕು. ನಮ್ಮವರು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಕೆಲಸದಲ್ಲಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಊರಿನಲ್ಲಿ ಒಂದು ಟ್ರಸ್ಟಿನ ಫಿಸಿಯೋಥೆರಪಿ ಕೇಂದ್ರವಿದೆ. ಎರಡು ಕೋಣೆ, ದೀಪಾ ಎಂಬ ಒಬ್ಬಳೇ ಹುಡುಗಿ. ಅವಳ ಕೈಯಲ್ಲಿ ಎಂಟು ತಿಂಗಳಿಗೆ ನಮ್ಮವರು ಗೋಡೆ ಹಿಡಿದು ಬಚ್ಚಲಿಗೆ ಹೋಗುವಂತಾದರು. ಆಗ ಬೆಂಗಳೂರಿನ ಮುಖ್ಯ ಕಚೇರಿಯಿಂದ ಕಾಗದ ಬಂತು. ದುಡ್ಡು ಸಾಲದು, ರೋಗಿಗಳ ಮನೆಯವರು 'ಚಾಲೆಂಜ್ ವಾಕ್' ಮಾಡಬೇಕು, ಕೊಳ್ಳೇಗಾಲದಿಂದ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ನಲವತ್ತೊಂದು ಕಿಲೋಮೀಟರ್, ಕಿಲೋಮೀಟರಿಗೆ ಇಷ್ಟು ಎಂದು ಪ್ರಾಯೋಜಕರನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಕೇಂದ್ರ ಮುಚ್ಚುತ್ತೇವೆ. ಮಲಗಿದವರನ್ನು ನೋಡಿಕೊಳ್ಳುವವರೇ ನಡೆದು ತೋರಿಸಬೇಕಂತೆ. ಕಾಗದದ ಜೊತೆಗೇ ಟ್ರಸ್ಟಿನ ಹೆಸರು ಬರೆದ ಈ ಟೀಶರ್ಟ್ ಬಂದಿತ್ತು. ಕಾಗದವನ್ನು ಎರಡು ಸಲ ಓದಿ ಮಡಚಿಟ್ಟೆ. ಹರಿದು ಹಾಕಬೇಕೆನಿಸಿತ್ತು.

ಮೊದಲ ವಾರ ದುಡ್ಡೆತ್ತಲು ಹನೂರಿಗೆ ಹೋದೆ, ಅಲ್ಲಿಂದ ತವರೂರು ಬಂಡಳ್ಳಿಗೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲವಾದ್ದರಿಂದ ಖರ್ಚು ಒಂದು ಟೀ, ಒಂದು ಇಡ್ಲಿ. ಬಂಡಳ್ಳಿಯಲ್ಲಿ ಚಿಕ್ಕಪ್ಪನ ಮಗ ಕೇಳಿದ: "ನಡೆಯೋಳು ನೀನು, ದುಡ್ಡು ನಾವ್ಯಾಕೆ ಕೊಡಾದು? ನಾನು ದಿನಾ ಒಲಕ್ಕೆ ನಡೀತೀನಿ, ನಂಗ್ಯಾರ್ ಕೊಡ್ತಾರೆ?" ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಅವನ ತಾಯಿ ಒಳಗಿನಿಂದ, "ಲೇ, ಗಂಡನ ಕೈಕಾಲ್ ಬರ್ಲಿ ಅಂತ ಅರಕೆ ಒತ್ತವ್ಳೆ ಕಣ್ಲಾ, ಕೊಡು" ಎಂದಳು. ಅವನು ತಕ್ಷಣ ಇನ್ನೂರು ರೂಪಾಯಿ ತೆಗೆದ. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮುಂದಿನ ಮನೆಗಳಲ್ಲೂ ಅದೇ ಆಯಿತು. ನಮ್ಮ ಕಡೆ ಬೆಟ್ಟಕ್ಕೆ ನಡೆದು ಹೋಗುವವರೆಂದರೆ ಹರಕೆಯವರು, ಬೇರೆ ಯಾರೂ ಸುಮ್ಮನೆ ನಡೆಯುವುದಿಲ್ಲ. ದುಡ್ಡಿನ ಜೊತೆಗೆ ಕೆಲವರು ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಕಟ್ಟಿ, ರಂಗಪ್ಪನ ಹುಂಡಿಗೆ ಹಾಕೆಂದು ಕೊಟ್ಟರು. ಬಿಡಿಸಿ ಹೇಳಿ ಹೇಳಿ ಸಾಕಾಗಿದ್ದ ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ಹೊರಟವರು ಇಬ್ಬರು. ನಾನು, ಮತ್ತು ಚಿಕ್ಕತಾಯಮ್ಮ. ಅವಳ ಮಗ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡು ದೀಪಾಳ ಹತ್ತಿರವೇ ಬರುತ್ತಾನೆ. ಟ್ರಸ್ಟಿನ ಅನೂಪ್ ಎಂಬ ಹುಡುಗ ಬ್ಯಾನರು, ನೀರಿನ ಬಾಟಲಿ ಹಾಕಿಕೊಂಡು ಜೀಪಿನಲ್ಲಿ ಹಿಂದೆ ಬಂದ. ಮುಡಿಗುಂಡ ದಾಟುವಷ್ಟರಲ್ಲಿ ಟೀ ಅಂಗಡಿಯವನೊಬ್ಬ, "ಯಾವ ಪಾರ್ಟಿಯವ್ವಾ?" ಎಂದ. ಚಿಕ್ಕತಾಯಮ್ಮ, "ಕಾಲ್ ಪಾರ್ಟಿ, ಓಟು ಬ್ಯಾಡ, ಟೀ ಕೊಡು" ಎಂದಳು. ಎರಡು ಟೀಗೆ ಇಪ್ಪತ್ತು ರೂಪಾಯಿ.

ಹೆದ್ದಾರಿ ಬಿಟ್ಟು ಕುಂತೂರಿನ ಮೇಲೆ ಹೋದೆವು. ಕಬ್ಬಿನ ಕಾಲ. ಟ್ರಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಕಾರ್ಖಾನೆಗೆ ಹೋಗುತ್ತಿದ್ದವು, ಪ್ರತಿಯೊಂದಕ್ಕೂ ರಸ್ತೆಯಿಂದ ಇಳಿದು ನಿಲ್ಲಬೇಕು. ಅಲ್ಲಿ ಗುರುಮಲ್ಲಪ್ಪ ಎಂಬ ಕಬ್ಬಿನ ಯಜಮಾನರ ಜಗಲಿಯಲ್ಲಿ ಕೂತೆವು. ದೊಡ್ಡ ವಿಭೂತಿ, ದೊಡ್ಡ ದನಿ. "ನಾವು ಮಾದಪ್ಪನ ಒಕ್ಲು. ಆದ್ರೂ ರಂಗಪ್ಪನ್ನ ಬ್ಯಾಡ ಅನ್ನಕ್ಕಾದದಾ" ಎಂದು ಸಾವಿರ ರೂಪಾಯಿ ಕೊಟ್ಟು, ಮೇಲೆ ಒಂದು ಅರಿಶಿನದ ಗಂಟನ್ನೂ ಕೊಟ್ಟರು. "ನಮ್ಮೋಳ ಮಂಡಿ ನೋವು ಓಗ್ಲಿ ಅಂತ ಒಂದ್ ಮಾತು ಸೇರಿಸ್ಕಳವ್ವ ನಿನ್ನ ಅರಕೇಲಿ." ಹೂಂ ಎಂದೆ. ನನ್ನ ಬಾಯಿಂದ ಹೂಂ ಬಂದದ್ದು ಅಲ್ಲೊಂದೇ ಕಡೆ. ಸಂಜೆ ಯಳಂದೂರು ಸೇರಿ ಚಿಕ್ಕತಾಯಮ್ಮನ ತಂಗಿಯ ಮನೆಯಲ್ಲಿ ಉಳಿದೆವು. ಹದಿನೆಂಟು ಕಿಲೋಮೀಟರ್ ಆಗಿತ್ತು. ಬಲ ಹಿಮ್ಮಡಿಯಲ್ಲಿ ಬೊಬ್ಬೆ.

ಎರಡನೆಯ ದಿನ ಮಂಜಿನಲ್ಲೇ ಐದು ಕಿಲೋಮೀಟರ್ ನಡೆದು ಕಾಡಿನ ಚೆಕ್‌ಪೋಸ್ಟಿಗೆ ಬಂದೆವು. ಗೇಟಿನ ಗಾರ್ಡು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಎಲ್ಗೆ?" ಎಂದ.

"ಬೆಟ್ಟಕ್ಕೆ, ನಡ್ಕಂಡು."

"ನಡ್ಕಂಡು ಬಿಡಲ್ಲ ಕಣವ್ವ. ಉಲಿ ಕಾಡು. ಗಾಡೀಲಾದ್ರೆ ಓಗಿ."

ಅನೂಪನ ಕಡೆ ತಿರುಗಿದೆ. ಪರ್ಮಿಷನ್ ಕೇಳಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನಲ್ಲಿ ಫೋನಿನ ನಕ್ಷೆ ನೋಡಿ ದಾರಿ ಗುರುತು ಮಾಡಿದ್ದರು, ನಕ್ಷೆಯಲ್ಲಿ ಹುಲಿ ಕಾಣುವುದಿಲ್ಲ. ಗಾರ್ಡಿನ ಮೇಲೆ ನನಗೆ ಸಿಟ್ಟಿಲ್ಲ, ಅವನದು ಸರಿಯಾದ ಮಾತು. ಅನೂಪ್ ಅತ್ತಿತ್ತ ಫೋನ್ ಮಾಡಿ ಬಂದು ಮೆತ್ತಗೆ ಹೇಳಿದ: "ಆಂಟಿ, ಜೀಪ್ ಹತ್ತಿ. ಮೇಲೆ ಹೋಗಿ ಬ್ಯಾನರ್ ಹಿಡಿದು ಒಂದು ಫೋಟೋ. ನಲವತ್ತೊಂದು ಅಂತಾನೇ ಹಾಕೋಣ. ರೂಟ್ ಕಂಪ್ಲೀಟ್ ಆಗದಿದ್ರೆ ಸೆಂಟರ್ ರಿನ್ಯೂ ಆಗಲ್ಲ."

"ನಡೀದೆ ನಡೆದೆ ಅಂತ ಬರೀಬೇಕಾ?"

"ಯಾರೂ ಅಳತೆ ಮಾಡಲ್ಲ ಆಂಟಿ."

"ಕೊಟ್ಟೋರು ಕಿಲೋಮೀಟರ್ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಹಂಗೆ ಕೇಳು ಅಂತ ಕಲಿಸಿದ್ದು ನೀವೇ."

ಚಿಕ್ಕತಾಯಮ್ಮ ನನ್ನ ಮೇಲೇ ತಿರುಗಿದಳು. "ನಿಂಗೇನ್ ತಾಯಿ, ನಿನ್ ಗಂಡ ಗೋಡೆ ಇಡ್ಕಂಡು ನಡೀತಾನೆ. ನನ್ ಮಗ ಇನ್ನೂ ಮಗ್ಗುಲು ತಿರುಗ್ಬೇಕು. ಸೆಂಟ್ರು ಮುಚ್ಚುದ್ರೆ ನಾನೆಲ್ಗೆ ಎತ್ಕಂಡೋಗ್ಲಿ ಅವನ್ನ? ರಂಗಪ್ಪನೇ ಕಾಡೆಲ್ಲ ಓಡಾಡಿ ಕೆರ ಸವೆಸ್ತಾನೆ, ಅವನ್ಗೆ ಯಾವ ಚೆಕ್‌ಪೋಸ್ಟು? ನಮ್ಗದೆ, ಜೀಪ್ ಅತ್ತು."

ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ಸಿಟ್ಟು ಅನೂಪನ ಮೇಲೆ, ಕಾಗದ ಬರೆದವರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಅವರು ಕಿಲೋಮೀಟರಿನಲ್ಲಿ ಸುಳ್ಳು ಬರೆಯಲು ಹೇಳಿದರು. ನಾನು ಬಂಡಳ್ಳಿಯಲ್ಲಿ ಬಾಯಿ ಮುಚ್ಚಿಕೊಂಡು, ಕುಂತೂರಿನಲ್ಲಿ ಹೂಂ ಎಂದು ಸುಳ್ಳು ಹೇಳಿದ್ದೆ. ಕಾಲಿನ ಬೊಬ್ಬೆ ಒಡೆದಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಚಿಕ್ಕತಾಯಮ್ಮನಿಗೆ ಹೇಳಿದೆ: "ಗಂಟುಗಳನ್ನ ನೀನು ಜೀಪಿನಲ್ಲಿ ತಗೊಂಡು ಹೋಗಿ ಹುಂಡಿಗೆ ಹಾಕು. ಅದು ದೇವರಿಗೆ ಕೊಟ್ಟಿದ್ದು, ಹೇಗೆ ಹೋದರೂ ಸೇರಬೇಕು. ಕಿಲೋಮೀಟರು ನಾನು ನಡೆಯುತ್ತೇನೆ. ಬಂದ ದಾರಿಯಲ್ಲೇ ವಾಪಸು ಹೋದರೆ ನಲವತ್ತಾರಾಗುತ್ತದೆ. ಕೇಳಿದ್ದಕ್ಕಿಂತ ಐದು ಜಾಸ್ತಿ."

"ಅದು ರೂಟ್ ಅಲ್ಲ ಆಂಟಿ" ಎಂದ ಅನೂಪ್.

"ಇದೂ ಅಲ್ಲ" ಎಂದು ಗೇಟು ತೋರಿಸಿದೆ.

ಒಬ್ಬಳೇ ಯಳಂದೂರಿಗೆ ನಡೆದೆ. ಮಧ್ಯಾಹ್ನ ಹೋಟೆಲಿನಲ್ಲಿ ಅನ್ನ ಸಾರು ಅರವತ್ತು ರೂಪಾಯಿ, ಸಾರಿನಲ್ಲಿ ಉಪ್ಪೇ ಇಲ್ಲ. ಸಂಜೆ ಚಿಕ್ಕತಾಯಮ್ಮ ಬಸ್ಸಿನಲ್ಲಿ ಇಳಿದು ಬಂದಳು. ಒಂಬತ್ತು ಗಂಟೂ ಹುಂಡಿಗೆ ಸೇರಿದ್ದವು. "ಬ್ಯಾನರ್ ಇಡ್ಕಳಿ ಅಂದ. ಗಂಟು ಇಡ್ಕಂಡಿವ್ನಿ, ಕೈ ಕಾಲಿ ಇಲ್ಲ ಅಂದೆ. ಗಂಟು ಆಕುದ್ಮೇಲೆ ಪ್ರಸಾದ ಇಡ್ಕಂಡೆ. ಕೊನೇಗೆ ಅವ್ನೊಬ್ನೇ ಬ್ಯಾನರ್ ಇಡ್ಕಂಡು ನಿಂತ್ಕಂಡ" ಎಂದಳು. ನಾನು ನಗಲಿಲ್ಲ. ಅವಳು ನನಗೂ ಸೇರಿಸಿ ನಕ್ಕಳು.

ಮೂರನೆಯ ದಿನ ಇಬ್ಬರೂ ಕುಂತೂರಿಗೆ ಬಂದಾಗ ಹತ್ತು ಗಂಟೆ. ಗುರುಮಲ್ಲಪ್ಪನವರ ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಬೆಟ್ಟ ಹತ್ತಲಿಲ್ಲ, ಅದು ಹರಕೆಯೂ ಅಲ್ಲ, ದೀಪಾ ಎಂಬ ಹುಡುಗಿ ನಡೆಸುವ ಫಿಸಿಯೋ ಕೇಂದ್ರಕ್ಕೆ ಎತ್ತಿದ ದುಡ್ಡು, ಗಂಟು ಮಾತ್ರ ಹುಂಡಿ ಸೇರಿದೆ. ಅವರ ಮುಖ ಕೆಂಪಾಯಿತು.

"ದ್ಯಾವ್ರ ಎಸ್ರಲ್ಲಿ ಈಸ್ಕಂಡ್ಯಾ ನಂತಾವ?"

"ನಾನಾಗಿ ಹೇಳಲಿಲ್ಲ ಯಜಮಾನ್ರೆ. ನೀವು ಅಂದುಕೊಂಡಿರಿ, ನಾನು ಹೂಂ ಅಂದೆ. ತಪ್ಪು ನನ್ನದು."

"ತಪ್ಪು ಅಂದ್ಬುಟ್ರೆ ಆಯ್ತಾ? ಮಡಗು ದುಡ್ಡ."

ಎರಡು ಐನೂರರ ನೋಟು ಜಗಲಿಯ ಮೇಲಿಟ್ಟೆ. ಚಿಕ್ಕತಾಯಮ್ಮ ನನ್ನ ಸೊಂಟ ಚಿವುಟಿದಳು. ಆಗ ಬಾಗಿಲ ಹತ್ತಿರ ಅವರ ಹೆಂಡತಿ ಗೋಡೆ ಹಿಡಿದು ಬಂದು ನಿಂತರು, ಹೊಸ್ತಿಲು ದಾಟಲು ಮಂಡಿ ಬಾಗುತ್ತಿರಲಿಲ್ಲ.

"ಆ ಎಣ್ಣುಡ್ಗಿ ಮಂಡೀನೂ ನೋಡ್ತಾಳವ್ವಾ?"

"ನೋಡ್ತಾಳೆ ತಾಯಿ. ಭಾನುವಾರ ಬಿಟ್ಟು ದಿನಾ ಇರ್ತಾಳೆ."

"ನೀನ್ ಒಳಿಕ್ಕೋಗು" ಎಂದರು ಗುರುಮಲ್ಲಪ್ಪ.

"ಒಳಿಕ್ಕೋಗಕ್ಕೂ ಮಂಡಿ ಬೇಕಲ್ಲ" ಎಂದು ಆಕೆ ಬಗ್ಗಲಾರದೆ ಚಿಕ್ಕತಾಯಮ್ಮನಿಗೆ ಕಣ್ಣಿನಲ್ಲೇ ನೋಟು ತೋರಿಸಿದರು. "ಅರಕೆಗೆ ಬರ್ಕಬ್ಯಾಡ. ಮಂಡಿಗೆ ಬರ್ಕೊ. ಸ್ವಾಮಾರ ಬತ್ತೀನಿ ಅಂತ ಏಳು ಅವಳ್ಗೆ." ಚಿಕ್ಕತಾಯಮ್ಮ ನೋಟು ಎತ್ತಿಕೊಂಡಳು. ಯಜಮಾನರು ಕಬ್ಬಿನ ಟ್ರಾಕ್ಟರು ಬಂತೆಂದು ಎದ್ದು ಹೋದರು. ಯಾವ ಟ್ರಾಕ್ಟರೂ ಬಂದಿರಲಿಲ್ಲ.

ಕೊಳ್ಳೇಗಾಲ ಸೇರಿದಾಗ ಮೂರು ಗಂಟೆ. ಮನೆಗೆ ಹೋಗದೆ ನೇರ ಕೇಂದ್ರಕ್ಕೆ ಹೋದೆವು. ಅನೂಪ್ ಅಲ್ಲಿ ಕಾಯುತ್ತಿದ್ದ. ದುಡ್ಡು ಬೆಂಗಳೂರಿನ ಖಾತೆಗೆ ಹಾಕಬೇಕು, ರೂಟ್ ಪೂರ್ತಿಯಾಗಿಲ್ಲವಾದ್ದರಿಂದ ಕೇಂದ್ರದ ವಿಷಯ ಆಮೇಲೆ ತೀರ್ಮಾನ ಎಂದ. ನಾನು ದನಿ ಎತ್ತಲಿಲ್ಲ. ಎರಡು ಕೋಣೆಯ ಮಾಲೀಕರನ್ನು ಕರೆಸಿ, ದೀಪಾಳ ಎದುರಿಗೆ, ಮೂರು ತಿಂಗಳ ಬಾಡಿಗೆ ಕೊಟ್ಟು ರಸೀದಿ ಬರೆಸಿದೆ. ಉಳಿದದ್ದು ದೀಪಾಳ ಕೈಗೆ. ಅದು ಅವಳ ಎರಡು ತಿಂಗಳ ಸಂಬಳವೂ ಆಗುವುದಿಲ್ಲ. ಅವಳು ಎಣಿಸದೆ ಮೇಜಿನ ಖಾನೆಗೆ ಹಾಕಿ, "ಸೋಮವಾರ ಎಷ್ಟು ಹೊತ್ತಿಗೆ ಬರ್ತಾರಂತೆ ಮಂಡಿಯವರು?" ಎಂದು ಕೇಳಿದಳು. ಇದು ಪಾಲಿಸಿ ಅಲ್ಲ ಎಂದ ಅನೂಪ್. ಟೀಶರ್ಟ್ ಬಿಚ್ಚಿ ಮಡಚಿ ಅವನ ಕೈಗೆ ಕೊಟ್ಟೆ. ಬಂಡಳ್ಳಿಯ ಮನೆಗಳಿಗೆ ಬರುವ ವಾರ ಹೋಗಬೇಕು, ಅಲ್ಲೂ ಅಂಗಳದಲ್ಲಿ ನಿಂತು ಹೇಳಬೇಕು. ಯಾರು ವಾಪಸು ಕೇಳುತ್ತಾರೋ ಗೊತ್ತಿಲ್ಲ.

ರಾತ್ರಿ ಗೌರಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಈರುಳ್ಳಿ ಮಾಡಿದ್ದಳು. ನಾನು ಎರಡು ಮುದ್ದೆ ಉಂಡೆ. ನಮ್ಮವರು ಒಂದೂವರೆ ಉಂಡು, ಬೆಟ್ಟ ಹೇಗಿತ್ತು ಎಂದು ಕೇಳಿದರು. ನೋಡಲಿಲ್ಲ ಎಂದೆ. ಅವರು ಮತ್ತೇನೋ ಕೇಳುತ್ತಿದ್ದರು, ಅಷ್ಟರಲ್ಲಿ ನಾನೇ ಮೊದಲು ಮಲಗಿಬಿಟ್ಟೆ.