ಹತ್ತಿ ಗಿರಣಿಯ ತಂಪು ಕೋಣೆ

ನೀರಮಾನ್ವಿಯ ಬೂದೆಮ್ಮ ರಾಯಚೂರಿನ ಹತ್ತಿ ಗಿರಣಿ ಸೇರಿದ್ದು ಗಂಡ ತೀರಿಕೊಂಡ ವರ್ಷ. ಕರೆದುಕೊಂಡು ಬಂದವಳು ಊರಿನಲ್ಲಿ ಅವಳದೇ ಓಣಿಯ ಯಮನಮ್ಮ. ಅವಳೂ ಒಂಟಿ ಹೆಂಗಸು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ಬಾಯಿ ಜೋರು. "ಅತ್ಗೊಂತ ಕುಂತ್ರ ಹೊಟ್ಟಿ ತುಂಬತದೇನ್ ಬೇ? ಏಳು, ನನ್ನ ಜೋಡಿ ಬಾ," ಎಂದು ಕೈಹಿಡಿದು ಬಸ್ಸು ಹತ್ತಿಸಿದ್ದಳು. ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇಬ್ಬರೂ ಒಂದೇ ಕೋಣೆ ಹಿಡಿದರು. ಒಂದೇ ಒಲೆಯಲ್ಲಿ ರೊಟ್ಟಿ ಬಡಿದುಕೊಂಡು ಹನ್ನೊಂದು ಸುಗ್ಗಿ ಕಳೆದರು.

ಬೀಜದಿಂದ ಅರಳೆ ಬಿಡಿಸುವ ಜಿನ್ನಿಂಗ್ ಯಂತ್ರಗಳ ಬಾಯಿಗೆ ಹತ್ತಿ ಉಣಿಸುತ್ತಿರುವುದು ಅವರ ಕೆಲಸ. ಸುಗ್ಗಿ ಶುರುವಾಯಿತೆಂದರೆ ಆ ದೊಡ್ಡ ಕೊಠಡಿಯಲ್ಲಿ ಎದುರು ಕೂತವರ ಮುಖ ಮಸುಕಾಗುತ್ತಿತ್ತು; ಅಷ್ಟು ಹತ್ತಿಯ ಧೂಳು ಗಾಳಿಯಲ್ಲಿ ತೇಲುತ್ತಿತ್ತು. ರೆಪ್ಪೆಯ ಮೇಲೆ, ಮೂಗಿನೊಳಗೆ, ಬುತ್ತಿ ಬಿಚ್ಚಿದರೆ ರೊಟ್ಟಿಯ ಮೇಲೂ ಅದೇ. ಸೆರಗನ್ನು ಬಾಯಿಗೆ ಕಟ್ಟಿಕೊಂಡು ದುಡಿಯುತ್ತಿದ್ದರು. ರಜೆ ಮುಗಿಸಿ ಬಂದ ದಿನ ಎಲ್ಲರಿಗೂ ಎದೆ ಬಿಗಿಯುತ್ತಿತ್ತು. ಎರಡು ದಿನಕ್ಕೆ ಸಡಿಲಾಗುತ್ತಿತ್ತು. ಯಮನಮ್ಮನಿಗೆ ಮಾತ್ರ ಬರಬರುತ್ತಾ ಸಡಿಲಾಗುವುದು ನಿಂತಿತು.

ಎಂಬತ್ತಾರರ ಸುಗ್ಗಿಗೆ ಮೊದಲು ಮಾಲೀಕರು ಒಂದು ಕಂಪ್ಯೂಟರ್ ತರಿಸಿದರು. ಮಾನ್ವಿಯಲ್ಲೂ ದೇವದುರ್ಗದಲ್ಲೂ ಗಿರಣಿಯ ಖರೀದಿ ಕೇಂದ್ರಗಳಿದ್ದವು. ಅಲ್ಲಿ ಎಷ್ಟು ಹತ್ತಿ ಬಂತು, ಯಾವ ದರ್ಜೆಯದು ಎಂದು ತಿಳಿಯಲು ಫೋನು ಹಚ್ಚಿದರೆ ಅರ್ಧ ದಿನ ಲೈನೇ ಸಿಗುತ್ತಿರಲಿಲ್ಲ. ಗುಮಾಸ್ತರು ಕೂಡಿ ಕಳೆದು ಹೇಳುವಷ್ಟರಲ್ಲಿ ಪೇಟೆಯ ದರ ಬದಲಾಗಿರುತ್ತಿತ್ತು. ಇನ್ನು ಮುಂದೆ ತೂಕದ ಚೀಟಿಗಳು ಸಂಜೆಯ ಬಸ್ಸಿಗೆ ಬಂದರೆ ಸಾಕು, ಮರುದಿನ ಬೆಳಿಗ್ಗೆಯೇ ಎಲ್ಲ ಲೆಕ್ಕ ಪರದೆಯ ಮೇಲೆ ಇರುತ್ತದೆ ಎಂದು ಹೈದರಾಬಾದಿನಲ್ಲಿ ಕಲಿತು ಬಂದ ವೆಂಕೋಬ ಹೇಳಿದ. ಆ ಯಂತ್ರವನ್ನು ನೋಡಿಕೊಳ್ಳುವ ಕೆಲಸ ಅವನದೇ.

ಆದರೆ ಅದಕ್ಕೆ ರಾಯಚೂರಿನ ಬಿಸಿಲು ಆಗುತ್ತಿರಲಿಲ್ಲ, ಹೋಗಿ ಬರುವ ಕರೆಂಟು ಆಗುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿಯ ಧೂಳು ಆಗುತ್ತಿರಲಿಲ್ಲ. ಆಫೀಸಿನ ಮೂಲೆಯಲ್ಲಿ ಗಾಜು ಹಾಕಿಸಿ, ಸಂದುಗಳಿಗೆ ರಬ್ಬರ್ ಬಡಿಸಿ, ಎ.ಸಿ. ಕೂರಿಸಿ ಅದಕ್ಕೊಂದು ಕೋಣೆ ಮಾಡಿದರು. ಒಳಗೆ ದಿನಾ ಒರೆಸಲು ಮೆತ್ತಗೆ ಕೆಲಸ ಮಾಡುವವರು ಬೇಕಾದರು. ಮ್ಯಾನೇಜರ್ ಬುರ್ಹಾನುದ್ದೀನ್ ಸಾಹೇಬರು ಬೂದೆಮ್ಮನನ್ನು ಕರೆಸಿದರು.

"ಜಿನ್ನಿಂಗ್ ಬಿಡು. ಇವತ್ತಿಂದ ಈ ಖೋಲಿ ನಿಂದು. ಒಂದು ಎಳಿ ಹತ್ತಿ ಸುದ್ದಾ ಒಳಗ ಬರಬಾರದು, ನೋಡಮ್ಮಾ."

ತಿಂಗಳೊಳಗೆ ಬೂದೆಮ್ಮನ ಕೆಮ್ಮು ನಿಂತಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಮೊದಮೊದಲು ಅವಳಿಗೆ ಖುಷಿಯಾಯಿತು. ಆಮೇಲೆ, ಪಕ್ಕದ ಚಾಪೆಯ ಮೇಲೆ ಗೋಡೆಗೆ ಒರಗಿಕೊಂಡೇ ಮಲಗುತ್ತಿದ್ದ ಯಮನಮ್ಮನ ಎದೆಯ ಸಿಳ್ಳು ಕೇಳುತ್ತಾ ತನ್ನ ಸಲೀಸಾದ ಉಸಿರಿಗೆ ತಾನೇ ನಾಚುವಂತಾಯಿತು.

"ಒರಸಾದು ಅಷ್ಟೇ ಕೆಲಸ. ಮಧ್ಯಾಹ್ನದಿಂದ ನೀ ಒಳಗ ಬಾ, ನಾ ನಿನ್ನ ಜಾಗಾದಾಗ ಕುಂದರ್ತೀನಿ," ಎಂದಳು ಒಂದು ದಿನ.

"ನಿನಗ್ಯಾಕ ಬೇ ಮತ್ತ ಆ ಧೂಳಿ?"

"ನೀ ಕರಕೊಂಡು ಬರದಿದ್ರ ನಾ ಎಲ್ಲಿರ್ತಿದ್ನಿ? ಸುಮ್ನ ಬಾ."

ವೆಂಕೋಬನನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡ. "ಸಾಹೇಬ್ರಿಗೆ ಗೊತ್ತಾದ್ರ ನನ್ನ ಮ್ಯಾಲ ಬರ್ತದಕ್ಕಾ." ಆದರೂ ಬೇಡ ಎನ್ನಲಿಲ್ಲ.

ಹಾಗೆ ಸಂಕ್ರಾಂತಿಯವರೆಗೆ ನಡೆಯಿತು. ಯಮನಮ್ಮ ಗಾಜಿನ ಬಾಗಿಲು ದೂಡಿ ಬಂದ ಕೂಡಲೇ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಿದ್ದಳು. "ಬಾವಿ ನೀರು ಕುಡದಂಗ ಆಗ್ತದಲೇ ತಮ್ಮಾ," ಎಂದು ವೆಂಕೋಬನಿಗೆ ಹೇಳುತ್ತಿದ್ದಳು. ರಾತ್ರಿ ಕಾಲು ಚಾಚಿ ಮಲಗುವುದು ಮತ್ತೆ ಅಭ್ಯಾಸವಾಯಿತು.

ಜಾತ್ರೆಗೆಂದು ಬಹಳ ಜನ ಊರಿಗೆ ಹೋಗಿದ್ದ ವಾರ ಕೆಲಸ ಮೈಮೇಲೆ ಬಿತ್ತು. ಯಮನಮ್ಮ ಎಂದಿನಂತೆ ಅಂಗಳದಲ್ಲಿ ನಿಂತು ಸೀರೆ ಕೊಡವಿಕೊಳ್ಳದೆ, ನೇರ ಯಂತ್ರದ ಬಳಿಯಿಂದಲೇ ಒಳಗೆ ಬಂದಳು. ಸಂಜೆ ಕಂಪ್ಯೂಟರ್ ಕಿರಗುಟ್ಟಿತು, ಪರದೆ ಮೇಲೆ ಏನೇನೋ ಬಂತು, ಆಮೇಲೆ ಏನೂ ಬರಲಿಲ್ಲ.

ಹೈದರಾಬಾದಿನಿಂದ ಮೆಕ್ಯಾನಿಕ್ ಬಂದು ಪೆಟ್ಟಿಗೆ ಬಿಚ್ಚಿದ. ಫ್ಲಾಪಿ ತಟ್ಟೆ ತೂರಿಸುವ ಸಂದಿನೊಳಗಿಂದ ಚಿಮಟದಲ್ಲಿ ಉಗುರಿನಷ್ಟು ಹತ್ತಿ ಎಳೆದು ಮೇಜಿನ ಮೇಲಿಟ್ಟ. ಲೆಕ್ಕಗಳಿದ್ದ ಫ್ಲಾಪಿ ಗೀರು ಬಿದ್ದು ಹಾಳಾಗಿತ್ತು. ದಿನಾ ಇನ್ನೊಂದು ಫ್ಲಾಪಿಗೆ ನಕಲು ತೆಗೆದಿಡಬೇಕಿತ್ತು. ವೆಂಕೋಬ ಅದನ್ನು ನಾಳೆ ನಾಳೆ ಎಂದು ಮುಂದೂಡಿದ್ದ. ಮಾನ್ವಿ, ದೇವದುರ್ಗದ ಚೀಟಿಗಳನ್ನೆಲ್ಲ ಮೊದಲಿನಿಂದ ಟೈಪ್ ಹೊಡೆಯಬೇಕಾಯಿತು. ಅಷ್ಟು ದಿನ ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿಯಲಿಲ್ಲ.

"ಯಾರು ತಂದ್ರಿ ಇದನ್ನ ಒಳಗ?" ಎಂದು ಬುರ್ಹಾನುದ್ದೀನ್ ಸಾಹೇಬರು ಕೇಳಿದರು.

"ನಾನ ರೀ," ಎಂದು ಬೂದೆಮ್ಮ ಹೇಳಿ ಮುಗಿಸುವಷ್ಟರಲ್ಲಿ ಯಮನಮ್ಮ ಅವಳನ್ನು ಪಕ್ಕಕ್ಕೆ ಸರಿಸಿದಳು. "ಆಕಿ ಸುಳ್ಳು ಹೇಳಾಕತ್ಯಾಳ್ರಿ. ನನ್ನ ಸೀರ್ಯಾಗಿನ ಹತ್ತಿ ಅದು. ತಂಪಂತ ನಾನ ಬರ್ತಿದ್ನಿ. ಆಕಿನ್ನ ತೆಗೀಬ್ಯಾಡ್ರಿ."

ಸಾಹೇಬರು ಕೆಟ್ಟವರಲ್ಲ. ಇಬ್ಬರನ್ನೂ ಗೇಟಿನಾಚೆ ಕಳಿಸಲಿಲ್ಲ. "ಜಿನ್ನಿಂಗಿಗೆ ಹೋಗಮ್ಮಾ. ಇಲ್ಲಿ ಮತ್ತ ಬರಬ್ಯಾಡ," ಎಂದು ಯಮನಮ್ಮನಿಗೆ ಹೇಳಿದರಷ್ಟೇ.

ಮುಂದಿನ ವಾರ ಕೋಣೆಗೆ ಎರಡನೆಯ ಬಾಗಿಲು ಬಂತು. ದಿನದ ನಕಲು ತೆಗೆದು ಸಾಹೇಬರ ಕಪಾಟಿನಲ್ಲಿಡಬೇಕೆಂದು ಕಟ್ಟಪ್ಪಣೆಯಾಯಿತು. ಒಳಗೆ ಹೋಗುವಾಗ ಉಡಲೆಂದು ಗಿರಣಿಯ ಖರ್ಚಿನಲ್ಲೇ ಬೂದೆಮ್ಮನಿಗೆ ಎರಡು ನೈಲಾನ್ ಸೀರೆ ಕೊಡಿಸಿದರು. ಸೀರೆ ಕೈಯಲ್ಲಿ ಹಿಡಿದುಕೊಂಡೇ ಅವಳು ಕೇಳಿದಳು:

"ಸಾಹೇಬ್ರ, ಈ ಕಂಪ್ಯೂಟರ್ ಸಲುವಾಗಿ ಇಷ್ಟೆಲ್ಲಾ ಮಾಡಿದ್ರಿ. ಜಿನ್ನಿಂಗ್‌ನಾಗ ಧೂಳಿ ಎಳಿಯೋ ಫ್ಯಾನ್ ಒಂದು ಹಾಕಸ್ರೀ. ಯಮನಮ್ಮ ಉಸುರಿಗೆ ಒದ್ದಾಡಾಕತ್ಯಾಳ."

ಸಾಹೇಬರು ತಲೆಯಾಡಿಸಿದರು. "ಮಾಲೀಕರಿಗೆ ಹೇಳ್ತೀನಿ." ಹೇಳಿದರು ಕೂಡ. ಈ ವರ್ಷ ಕಂಪ್ಯೂಟರಿಗೇ ಬಹಳ ಆಗಿದೆ, ಮುಂದಿನ ಸುಗ್ಗಿಗೆ ನೋಡೋಣ ಎಂದು ಉತ್ತರ ಬಂತಂತೆ.

ಯಮನಮ್ಮ ಯುಗಾದಿಯವರೆಗೂ ದುಡಿದಳು. ಕೊನೆಕೊನೆಗೆ ಹತ್ತಿ ಉಣಿಸುವ ಕೈ ನಿಲ್ಲಿಸಿ ಉಸಿರಿಗಾಗಿ ಕಾಯುತ್ತಿದ್ದಳು. ಬೂದೆಮ್ಮ ರಿಕ್ಷಾ ಮಾಡಿ ದವಾಖಾನೆಗೆ ಕರೆದೊಯ್ದಳು. ಎದೆ ಪೂರಾ ಕೆಟ್ಟಿದೆ ಎಂದರು. "ಊರಿಗೆ ಹೋಗೂನು ನಡಿ ಬೇ," ಎಂದು ಯಮನಮ್ಮ ಹಟ ಹಿಡಿದಳು. ಮರುದಿನದ ಬಸ್ಸಿಗೆಂದು ಗಂಟು ಕಟ್ಟಿಟ್ಟಿದ್ದರು. ಬೆಳಗಿನ ಚಹಾ ಲೋಟ ಕೈಗೆ ಕೊಡಲು ಹೋದಾಗ ಗೋಡೆಗೆ ಒರಗಿದ ದೇಹ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ವಾರ ಬೂದೆಮ್ಮ ನೈಲಾನ್ ಸೀರೆ ಉಟ್ಟು ಕೋಣೆಗೆ ಹೋದಳು. ಹಾಜರಿಯೂ ಆಗ ಕಂಪ್ಯೂಟರಿಗೆ ಬಂದಿತ್ತು. ವೆಂಕೋಬ ಅವಳನ್ನು ನೋಡಿ ಕೀಲಿಮಣೆಯ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

"ಏನು ಮಾಡಾಕತ್ತಿದ್ದೋ?"

"ಹೆಸರು... ತೆಗೀಬೇಕಕ್ಕಾ. ಹೊರಗ ಹೋಗ್ತೀಯೇನು?"

"ಆಕಿ ಹೆಸರು ಯಾವುದು? ತೋರ್ಸು."

ಓದಲು ಬಾರದ ಅವಳಿಗೆ ಅವನು ಬೆರಳಿಟ್ಟು ತೋರಿಸಿದ. ಹಸಿರು ಅಕ್ಷರಗಳ ಒಂದು ಸಾಲು. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ, "ತೆಗಿ," ಎಂದಳು. ಅವನು ಕೀಲಿ ಒತ್ತಿದ. ಸಾಲು ಹೋಯಿತು, ಕೆಳಗಿದ್ದ ಹೆಸರುಗಳೆಲ್ಲ ಒಂದೊಂದು ಸಾಲು ಮೇಲೆ ಸರಿದು ನಡುವೆ ಜಾಗವೇ ಉಳಿಯಲಿಲ್ಲ. ವೆಂಕೋಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಆವತ್ತು ನಾ ನಕಲು ತಗದಿಟ್ಟಿದ್ರ ಇಷ್ಟು ರಂಪ ಆಗ್ತಿರಲಿಲ್ಲಕ್ಕಾ," ಎಂದ. ಬೂದೆಮ್ಮ ಒರೆಸುವ ಬಟ್ಟೆ ಹಿಂಡಿದಳು.

ಮುಂದಿನ ಸುಗ್ಗಿಗೆ ಜಿನ್ನಿಂಗ್ ಕೊಠಡಿಯ ಗೋಡೆ ಒಡೆದು ದೊಡ್ಡ ಫ್ಯಾನು ಕೂರಿಸಿದರು. ಹೆಂಗಸರೆಲ್ಲ ಅದರ ಕೆಳಗಿನ ಜಾಗಕ್ಕೆ ಜಗಳಾಡಿದರು. ಅಲ್ಲಿ ಯಾರು ಕೂರಬೇಕೆಂದು ಬೂದೆಮ್ಮ ತಾನೇ ನಿಂತು ಹೇಳಿದಳು: ಕೆಮ್ಮುವವರು ಮೊದಲು. ಆ ಮಾತನ್ನು ಯಾರೂ ತೆಗೆದುಹಾಕಲಿಲ್ಲ. ಅವಳು ಮಾತ್ರ ಒಬ್ಬಳೇ ರೊಟ್ಟಿ ಬಡಿಯುವಾಗ ಎಷ್ಟೋ ಸಲ ಮರೆತು ಇಬ್ಬರಿಗಾಗುವಷ್ಟು ಹಿಟ್ಟು ನಾದುತ್ತಿದ್ದಳು.